ಒಂಟಿ ಸೀಸೆ ಕಳಿಸಬಾರದು

ನಾರ್ವೆ ದೇಶಕ್ಕೆ ಹೋಗಿ ಬಂದವರು ಬೆಟ್ಟಗಳ ನಡುವೆ ನುಗ್ಗಿ ಬಂದ ಸಮುದ್ರದ ಬಗ್ಗೆ, ಆಕಾಶದಲ್ಲಿ ಕುಣಿಯುವ ಹಸಿರು ಬೆಳಕಿನ ಬಗ್ಗೆ ಬರೆಯುತ್ತಾರೆ. ನಾನು ಎರಡನ್ನೂ ನೋಡಲಿಲ್ಲ. ಹೋದ ದಿನದಿಂದ ಬರುವ ದಿನದವರೆಗೆ ಒಂದು ಸೀಸೆಯನ್ನು ಕಾಯುವುದೇ ನನ್ನ ಕೆಲಸವಾಗಿತ್ತು, ಅದನ್ನೂ ನೆಟ್ಟಗೆ ಮಾಡಲಿಲ್ಲ. ಆದರೂ ಊರಿನಲ್ಲಿ ಎದುರು ಸಿಕ್ಕವರೆಲ್ಲ "ಫಾರಿನ್ನು ಎಂಗಿತ್ತು ಮೇಷ್ಟ್ರೆ?" ಎಂದು ಕೇಳುವುದು ನಿಂತಿಲ್ಲ. ಒಮ್ಮೆ ಬರೆದುಬಿಟ್ಟರೆ ಬಾಯಿಗಾದರೂ ವಿಶ್ರಾಂತಿ ಸಿಕ್ಕೀತೆಂದು ಕೂತಿದ್ದೇನೆ.

ಪಾಂಡವಪುರ

ನನ್ನ ಮನೆ ಇರುವುದು ಶ್ರೀರಂಗಪಟ್ಟಣದ ಕೋಟೆಯೊಳಗೆ. ಹಿರಿಯರೆಲ್ಲ ದೇವಸ್ಥಾನದ ಕೆಲಸ ಮಾಡಿಕೊಂಡು ಬಂದವರು. ನನಗೆ ಮಂತ್ರ ಬಾಯಿಗೆ ಹತ್ತಲಿಲ್ಲವೆಂದು ಕೆಮಿಸ್ಟ್ರಿ ಓದಲು ಕಳಿಸಿದರು. ಈಗ ಪಾಂಡವಪುರದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ನಮ್ಮ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದವಳು ಮಂಜುಳಾ, ಕಿರಂಗೂರಿನ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿ. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ, ಎಲ್ಲಾದರೂ ಸಂಶೋಧನೆಗೆ ಸೀಟು ಸಿಗುವವರೆಗೆ ಇರಲೆಂದು ನಮ್ಮಲ್ಲಿಗೆ ಬಂದಿದ್ದಳು.

ನಾವಿಬ್ಬರೂ ಸೇರಿ, ಅಂದರೆ ಅವಳು ಮಾಡಿ ನಾನು ನೋಡಿ, ಒಂದು ಕಪ್ಪು ದ್ರವ ತಯಾರಿಸಿದ್ದೆವು. ಎರಡು ಬಗೆಯ ಕಬ್ಬಿಣದ ಲವಣಗಳನ್ನು ನೀರಿನಲ್ಲಿ ಕರಗಿಸಿ, ಅಮೋನಿಯಾವನ್ನು ಹನಿಹನಿಯಾಗಿ ಬಿಟ್ಟು ಕಲಕುತ್ತಾ ಹೋದರೆ ನೀರು ಕಪ್ಪಾಗುತ್ತದೆ. ಪಕ್ಕದ ಕೋಣೆಯ ಇತಿಹಾಸದ ತರಗತಿ ಮೂಗು ಮುಚ್ಚಿಕೊಂಡು ಮರದ ಕೆಳಗೆ ಹೋಗುತ್ತದೆ. ಆ ಕಪ್ಪಿನಲ್ಲಿ ಇರುವುದು ತುಕ್ಕಿನ ಜಾತಿಗೆ ಸೇರಿದ ಕಬ್ಬಿಣದ ಕಣಗಳು. ಒಂದು ತಲೆಗೂದಲಿನ ದಪ್ಪದಲ್ಲಿ ಸಾವಿರಾರು ಕಣ ಸಾಲಾಗಿ ನಿಲ್ಲಬಹುದು, ಅಷ್ಟು ಸಣ್ಣವು. ಅವು ಒಂದಕ್ಕೊಂದು ಅಂಟಿಕೊಂಡು ಗಂಟುಗಂಟಾಗದಂತೆ ಮೇಲೊಂದು ಹೊದಿಕೆ ಬೇಕು. ಮಂಜುಳಾ ಅದಕ್ಕೆ ಗಂಜಿಯ ಹೊದಿಕೆ ಕೊಟ್ಟಿದ್ದಳು, ಹೆಚ್ಚುಕಮ್ಮಿ ಕಾಟನ್ ಸೀರೆಗೆ ಹಾಕುವಂಥದ್ದೇ ಗಂಜಿ.

ಇದರಿಂದ ಏನು ಪ್ರಯೋಜನ ಎಂದರೆ, ದೊಡ್ಡ ಆಸ್ಪತ್ರೆಗಳಲ್ಲಿ ಎಂ.ಆರ್.ಐ. ಎಂಬ ಯಂತ್ರ ಬಂದಿದೆಯಲ್ಲ, ರೋಗಿಯನ್ನು ಭಾರಿ ಆಯಸ್ಕಾಂತದ ಗುಹೆಯೊಳಗೆ ಮಲಗಿಸಿ ದೇಹದ ಒಳಗಿನ ಚಿತ್ರ ತೆಗೆಯುವುದು, ಅದರಲ್ಲಿ ಹೊಟ್ಟೆಯ ಚಿತ್ರ ಬಹಳ ಗೋಜಲು. ಕರುಳು ಯಾವುದು, ಪಕ್ಕದ ಗಡ್ಡೆ ಯಾವುದು ಎಂದು ಡಾಕ್ಟರಿಗೂ ಗೊತ್ತಾಗುವುದಿಲ್ಲ. ಇಂಥ ಕಣಗಳ ದ್ರವ ಕುಡಿಸಿದರೆ ಚಿತ್ರದಲ್ಲಿ ಕರುಳಿನ ಜಾಗ ಕಪ್ಪಾಗಿ, ಉಳಿದದ್ದೆಲ್ಲ ಎದ್ದು ಕಾಣುತ್ತದೆ. ಈ ಕಣಗಳ ಗುಣವೂ ವಿಚಿತ್ರ. ಆಯಸ್ಕಾಂತ ಹತ್ತಿರವಿದ್ದಾಗ ಎಲ್ಲವೂ ಒಂದೇ ಕಡೆಗೆ ಮುಖ ಮಾಡಿ ನಿಲ್ಲುತ್ತವೆ, ಅದು ಅತ್ತ ಹೋದ ಕೂಡಲೇ ಮರೆತುಬಿಡುತ್ತವೆ. ಇನ್ಸ್‌ಪೆಕ್ಷನ್ನಿಗೆ ಸಾಹೇಬರು ಬಂದು ಹೋದ ಸ್ಕೂಲಿನ ಹಾಗೆ.

ಆ ಯಂತ್ರ ನಮ್ಮ ಸೀಮೆಯಲ್ಲಿ ಎಲ್ಲಿದೆ ಎಂದು ದಯವಿಟ್ಟು ಕೇಳಬೇಡಿ. ನಾಗಮಂಗಲದಲ್ಲಿ ಸಣ್ಣದೊಂದು ಎಕ್ಸ್‌ರೇ ಅಂಗಡಿ ಇಟ್ಟಿರುವ ನನ್ನ ಷಡ್ಡಕ ಈ ಪ್ರಶ್ನೆಯನ್ನು ಆಗಲೇ ಕೇಳಿದ್ದ. "ಮೊದಲು ಕರೆಂಟು ತರಿಸಿ ಭಾವ, ಕರುಳು ಆಮೇಲೆ ಕಪ್ಪು ಮಾಡೋಣ" ಎಂದಿದ್ದ.

ಆದರೆ ಬೆಂಗಳೂರಿನ ಒಂದು ಸೆಮಿನಾರಿನಲ್ಲಿ ಹಿಲ್ಡಾ ಎಂಬ ನಾರ್ವೆಯ ಪ್ರೊಫೆಸರಮ್ಮ ನಾವು ತೂಗುಹಾಕಿದ್ದ ಪೋಸ್ಟರಿನ ಮುಂದೆ ನಿಂತು, ಎರಡು ಸಲ ಓದಿ, "ಸೀಸೆ ತೆಗೆದುಕೊಂಡು ನಮ್ಮಲ್ಲಿಗೆ ಬನ್ನಿ, ಯಂತ್ರದಲ್ಲಿ ಇಟ್ಟು ನೋಡೋಣ" ಎಂದರು. ಮಾಡಿದ್ದು ನಾನಲ್ಲ, ಮಂಜುಳಾ ಎಂದೆ. ಸೀಸೆ ಚೆನ್ನಾಗಿದ್ದರೆ ಅವಳಿಗೆ ತಮ್ಮಲ್ಲೇ ಸಂಶೋಧನೆಗೆ ಸೀಟು ಕೊಡುವುದಾಗಿ ಹೇಳಿದರು. ಚೆನ್ನಾಗಿಲ್ಲದಿದ್ದರೆ ಏನು ಎಂದು ಅವರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಕೆ.ಆರ್. ಪೇಟೆಯಿಂದ ಟ್ರಾಕ್ಟರು ಇರುವ ಗಂಡಿನ ಕಡೆಯವರು ಹುಡುಗಿಯನ್ನು ಆಗಲೇ ನೋಡಿ ಒಪ್ಪಿದ್ದರು. ಮೇಷ್ಟ್ರು ಫಾರಿನ್ನಿಂದ ಬರುವವರೆಗೆ ತಡೆಯಿರಿ ಎಂದು ಮಂಜುಳಾಳ ತಾಯಿ ನಿಂಗಮ್ಮ ಅವರಿಗೆ ಹೇಳಿಕಳಿಸಿದ್ದರು. ಹೀಗೆ ಒಂದು ಹುಡುಗಿಯ ಮುಂದಿನ ಬಾಳು ನನ್ನ ಜೇಬಿಗೆ ಬಂದು ಬಿದ್ದಿತ್ತು. ಕಾಲೇಜಿನವರು ಮಾತ್ರ ಅದನ್ನೆಲ್ಲ ಯೋಚಿಸದೆ ಹೊರಡುವ ಮೊದಲೇ ನನಗೆ ಶಾಲು ಹೊದಿಸಿ, ಹಾರ ಹಾಕಿ, "ಸಾಧನೆ" ಎಂದು ಭಾಷಣ ಮಾಡಿಬಿಟ್ಟರು. ನಾನೂ ಕತ್ತು ಬಗ್ಗಿಸಿ ಹಾಕಿಸಿಕೊಂಡೆ.

ಹೊರಡುವ ಹಿಂದಿನ ದಿನ ಕಿರಂಗೂರಿಗೆ ಹೋದೆ. ನಿಂಗಮ್ಮ ತಟ್ಟೆಯಲ್ಲಿ ಎಲೆ ಅಡಿಕೆ, ಎರಡು ಬಾಳೆಹಣ್ಣು ಇಟ್ಟುಕೊಟ್ಟರು. ಮಂಜುಳಾ ಸೀಸೆ ತಂದಿಟ್ಟಳು. ನಿಂಗಮ್ಮ ಅದನ್ನು ನೋಡಿದರು, ನನ್ನನ್ನು ನೋಡಿದರು.

"ಇದೇನ್ ಮೇಷ್ಟ್ರೆ, ಒಂದೇ ಸೀಸೆ?"

"ಒಂದು ಸಾಕಮ್ಮ."

"ಒಂಟಿ ಕೊಟ್ ಕಳ್ಸಾದಾ? ಎಲೆ ಕೊಟ್ರೂ ಜೋಡಿ, ಬಾಳೇಅಣ್ಣು ಕೊಟ್ರೂ ಜೋಡಿ. ಎಣ್ ಮಗೀನ ಕೆಲ್ಸಕ್ಕೆ ಓಗ್ತಾ ಇರೋದು ಒಂಟೀಲಿ ಓಗ್ಬಾರ್ದು."

ವಿಜ್ಞಾನದಲ್ಲಿ ಒಂಟಿ ಜೋಡಿ ಎಂದೇನೂ ಇಲ್ಲ ಎಂದು ನಾನು ಸಣ್ಣದೊಂದು ಪಾಠ ಮಾಡಿದೆ. ಅದು ಮುಗಿಯುವಷ್ಟರಲ್ಲಿ ನಿಂಗಮ್ಮ ಒಳಗೆ ಹೋಗಿ, ಮಂಜುಳಾಳಿಂದ ಇನ್ನೊಂದು ಸೀಸೆ ತುಂಬಿಸಿ, ಬಟ್ಟೆ ಚೀಲದ ರಾಗಿ ಹಿಟ್ಟಿನ ನಟ್ಟನಡುವೆ ಅದನ್ನು ಹೂತು, ಬಾಯಿ ಕಟ್ಟಿ ತಂದಿದ್ದರು. ನಮ್ಮ ಕಡೆ ಉಪ್ಪಿನಕಾಯಿ ಭರಣಿ ದೂರಕ್ಕೆ ಹೋಗುವುದೂ ಹೀಗೆಯೇ. ದೊಡ್ಡವರ ಮನಸ್ಸು ನೋಯಿಸಬಾರದೆಂದು ಆ ಚೀಲವನ್ನು ಸೂಟ್‌ಕೇಸಿಗೆ ತುರುಕಿದೆ. ಅಸಲಿ ಸೀಸೆಯನ್ನು ಕೈಚೀಲದಲ್ಲೇ ಇಟ್ಟುಕೊಂಡೆ.

ಬೊಂಬಾಯಿ

ಬೊಂಬಾಯಿಯ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಕೈಚೀಲದಿಂದ ಸೀಸೆ ತೆಗೆದು ದೀಪಕ್ಕೆ ಹಿಡಿದ. ಇದೇನು ಎಂದ. ಆಯಸ್ಕಾಂತದ ದ್ರವ ಎಂದೆ. ತೋರಿಸು ಎಂದ. ನನ್ನ ಹತ್ತಿರ ಹಳೆಯ ಲೌಡ್‌ಸ್ಪೀಕರಿನಿಂದ ಬಿಚ್ಚಿದ ಆಯಸ್ಕಾಂತವೊಂದಿತ್ತು. ಹೆಮ್ಮೆಯಿಂದ ಸೀಸೆಗೆ ಹಿಡಿದೆ. ದ್ರವ ಮಿಸುಕಲಿಲ್ಲ.

ಮಿಸುಕದಿರುವುದೇ ಅದರ ಒಳ್ಳೆಯತನ. ಕಣಗಳು ಅಷ್ಟು ಸಣ್ಣವಾಗಿ, ಒಂದೊಂದೂ ತನ್ನ ಗಂಜಿ ಹೊದ್ದುಕೊಂಡು ಬೇರೆಬೇರೆ ಇದ್ದರೆ ಸಾಮಾನ್ಯ ಆಯಸ್ಕಾಂತಕ್ಕೆ ಅವನ್ನು ಎಳೆದು ಗುಡ್ಡೆ ಹಾಕಲಾಗದು. ಇದನ್ನು ನಾನು ತರಗತಿಯಲ್ಲಿ ಹೇಳಿದ್ದರೆ ಹುಡುಗರು ಬರೆದುಕೊಳ್ಳುತ್ತಿದ್ದರು. ಆ ಅಧಿಕಾರಿ ಬರೆದುಕೊಳ್ಳಲಿಲ್ಲ. "ಆಯಸ್ಕಾಂತ ಅನ್ನುತ್ತೀರಿ, ಅಂಟುವುದೇ ಇಲ್ಲ" ಎಂದು ಪಕ್ಕದವನನ್ನು ಕರೆದ, ಅವನು ಇನ್ನೊಬ್ಬನನ್ನು ಕರೆದ. ಮೂವರ ಮುಂದೆಯೂ ನಾನು ಅಂಟದ ಆಯಸ್ಕಾಂತವನ್ನು ಹಿಡಿದು ಹಿಡಿದು ತೋರಿಸಿದೆ. ಕೊನೆಗೆ ಅವರಲ್ಲಿ ಹಿರಿಯನಾದವನು ನನ್ನ ಮುಖ ನೋಡಿ, ಇವನಿಂದ ದೇಶಕ್ಕೆ ಯಾವ ಅಪಾಯವೂ ಇಲ್ಲ ಎಂದು ತೀರ್ಮಾನಿಸಿ ಬಿಟ್ಟುಬಿಟ್ಟ. ವಿಮಾನದೊಳಗೆ ಕಾಲಿಟ್ಟ ಕೊನೆಯವನು ನಾನೇ.

ಹಿಮದ ಊರು

ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿದ್ದಷ್ಟು ದಿನವೂ ನನಗೆ ಅದನ್ನು ಸರಿಯಾಗಿ ಹೇಳಲು ಬರಲಿಲ್ಲ. ನಾನು ಹೇಳಿದಾಗಲೆಲ್ಲ ಬಸ್ಸಿನ ಡ್ರೈವರು ಬೇರೆ ಯಾವುದೋ ಊರಿಗೆ ಟಿಕೆಟ್ ಹರಿಯುತ್ತಿದ್ದ.

ವಿಮಾನ ಇಳಿದಾಗ ಸೂಟ್‌ಕೇಸು ಬರಲಿಲ್ಲ. ಸಾಮಾನು ಬರುವ ಪಟ್ಟಿ ಖಾಲಿ ಸುತ್ತುವವರೆಗೂ ನಿಂತಿದ್ದೆ. ಅದರಲ್ಲಿ ನನ್ನ ಸ್ವೆಟರುಗಳು, ಮಂಕಿ ಕ್ಯಾಪು, ಹೆಂಡತಿ ಕೊಟ್ಟ ಚಟ್ನಿಪುಡಿ, ನಿಂಗಮ್ಮನ ರಾಗಿ ಹಿಟ್ಟು ಎಲ್ಲವೂ ಇದ್ದವು. ಕೌಂಟರಿನ ಹುಡುಗಿ ನಗುನಗುತ್ತಾ, ಬರುತ್ತದೆ, ಬಂದಾಗ ಮನೆಗೇ ತಲುಪಿಸುತ್ತೇವೆ ಎಂದಳು. ನಾನು ಮಾತ್ರ ಕೈಚೀಲ ಮುಟ್ಟಿ ನೋಡಿಕೊಂಡು, ಮುಖ್ಯವಾದದ್ದನ್ನು ಕೈಯಲ್ಲಿಟ್ಟುಕೊಂಡೆನಲ್ಲ ಎಂದು ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ.

ಹಿಲ್ಡಾ ನನಗೆ ಒಬ್ಬ ಅಜ್ಜಿಯ ಮನೆಯಲ್ಲಿ ಕೋಣೆ ಗೊತ್ತು ಮಾಡಿದ್ದರು. ನಾನು ತೆಳು ಕೋಟಿನಲ್ಲಿ ನಡುಗುತ್ತಾ ನಿಂತದ್ದನ್ನು ನೋಡಿ ಅಜ್ಜಿ ತೀರಿಕೊಂಡ ಗಂಡನ ಕೋಟು ತಂದುಕೊಟ್ಟರು. ಆತ ಆಜಾನುಬಾಹು ಆಗಿದ್ದಿರಬೇಕು. ಒಳಗೆ ನನ್ನಂಥವನು ಇನ್ನೊಬ್ಬ ಹಿಡಿಸುತ್ತಿದ್ದ. ಆ ಕೋಟಿನಲ್ಲಿ ನಾನು ಬೀದಿಗಿಳಿದರೆ ಜನ ನೋಡುತ್ತಿದ್ದರು, ಆದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳದಿರುವುದು ಅಲ್ಲಿಯ ಮರ್ಯಾದೆ. ನಮ್ಮೂರಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಕಿರಂಗೂರು ಬರುವಷ್ಟರಲ್ಲಿ ನಿಮ್ಮ ಸಂಬಳ, ಸಕ್ಕರೆ ಕಾಯಿಲೆ, ಮಗಳ ನಕ್ಷತ್ರ ಎಲ್ಲ ತಿಳಿದುಕೊಂಡಿರುತ್ತಾರೆ. ಇಲ್ಲಿ ಬಸ್ಸು ಖಾಲಿ ಇದ್ದಾಗ ನಾನು ಸ್ನೇಹಕ್ಕೆಂದು ಒಬ್ಬರ ಪಕ್ಕದಲ್ಲಿ ಹೋಗಿ ಕೂತರೆ ಆ ಮನುಷ್ಯ ಬೆಚ್ಚಿ ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟ. ಪಾಪ, ಅವನ ಊರು ಇನ್ನೂ ಮುಂದಿತ್ತೇನೋ.

ಮೊದಲ ದಿನ ಬೆಳಗಿನ ತಿಂಡಿಗೆ ಅಜ್ಜಿ ಮೇಜಿನ ಮೇಲೆ ಬ್ರೆಡ್ಡಿನ ಜೊತೆ ಕಂದು ಬಣ್ಣದ ಒಂದು ಅಚ್ಚು ಇಟ್ಟರು. ನೋಡಿದ ಕೂಡಲೇ ಎದೆ ತುಂಬಿ ಬಂತು. ಮಂಡ್ಯದ ಕಡೆಯವನಿಗೆ ಬೆಲ್ಲ ಗುರುತು ಸಿಗದೆ ಇರುತ್ತದೆಯೇ? ದೊಡ್ಡದೊಂದು ತುಂಡು ಕತ್ತರಿಸಿ ಕಾಫಿಗೆ ಹಾಕಿ ಕಲಕಿದೆ. ಅದು ಮೇಕೆ ಹಾಲಿನಿಂದ ಮಾಡುವ ಅವರ ಚೀಸು. ಕಾಫಿಯ ಮೇಲೆ ಜಿಡ್ಡು ತೇಲಿ ಮೇಕೆಯ ವಾಸನೆ ಬಂತು. ಅಜ್ಜಿ ಏನೂ ಕೇಳಲಿಲ್ಲ. ನಾನೂ ಇದೇ ನಮ್ಮ ಪದ್ಧತಿ ಎಂಬಂತೆ ಪೂರ್ತಿ ಕುಡಿದೆ. ಮಾರನೆಯ ದಿನ ಅಜ್ಜಿ ಪಾಪ, ಕಾಫಿಯ ಬಟ್ಟಲ ಪಕ್ಕದಲ್ಲೇ ಅಂಥದ್ದೊಂದು ತುಂಡು ಕತ್ತರಿಸಿ ಇಟ್ಟಿದ್ದರು. ಅದನ್ನೂ ಕುಡಿದೆ.

ಕೂಸು ಮತ್ತು ಕಿಟಕಿ

ಮಹಡಿಯ ಮೇಲೆ ಅಜ್ಜಿಯ ಮಗಳ ಸಂಸಾರವಿತ್ತು, ಒಂದು ಎಳೆ ಕೂಸೂ ಇತ್ತು. ಒಂದು ಮಧ್ಯಾಹ್ನ ನಾನು ಲ್ಯಾಬಿನಿಂದ ಬರುತ್ತೇನೆ, ಅಂಗಳದ ಹಿಮದ ಮೇಲೆ ತಳ್ಳುಗಾಡಿ ನಿಂತಿದೆ, ಅದರೊಳಗೆ ಕೂಸು ಮಲಗಿದೆ. ಸುತ್ತ ಯಾರೂ ಇಲ್ಲ. ಕೂಸಿನ ಮೂಗು ಕೆಂಪಗಾಗಿದೆ. ಯಾರೋ ಮರೆತುಬಿಟ್ಟಿದ್ದಾರೆ, ಇನ್ನು ಸ್ವಲ್ಪ ಹೊತ್ತಾದರೆ ಕೂಸು ಉಳಿಯುವುದಿಲ್ಲ ಎಂದುಕೊಂಡು ಗಾಡಿಯನ್ನು ಎಳೆದುಕೊಂಡು ನೇರ ನನ್ನ ಕೋಣೆಗೆ ತಂದು ಬಾಗಿಲು ಹಾಕಿದೆ. ಮೇಲೆ ಶಾಲು ಬೇರೆ ಹೊದಿಸಿದೆ, ಪಾಂಡವಪುರದವರು ಹೊದಿಸಿದ್ದರಲ್ಲ, ಅದೇ. ಕೂಸು ಎದ್ದು ನನ್ನ ಮುಖ ನೋಡಿ ಕಿಟಾರನೆ ಕಿರುಚಿತು. ಅದೇ ಹೊತ್ತಿಗೆ ಅಂಗಳದಲ್ಲಿ ಅದರ ತಾಯಿಯೂ ಕಿರುಚಿದಳು.

ಅಜ್ಜಿ ಬಂದು ಎಲ್ಲವನ್ನೂ ಬಿಡಿಸಿ ಹೇಳುವವರೆಗೆ ನಾನು ಮಕ್ಕಳ ಕಳ್ಳನೆಂಬ ಭಾವನೆಯಲ್ಲೇ ಆ ತಾಯಿ ನನ್ನನ್ನು ನೋಡುತ್ತಿದ್ದಳು. ಅಲ್ಲಿ ಎಲ್ಲರೂ ಹಾಗೆಯೇ ಮಾಡುವುದಂತೆ. ಕೂಸನ್ನು ಚಳಿಯಲ್ಲಿ ಹೊರಗೆ ಮಲಗಿಸಿದರೆ ಶ್ವಾಸಕೋಶಕ್ಕೆ ಒಳ್ಳೆಯದು, ನಿದ್ದೆಯೂ ಗಾಢವಂತೆ. "ನಾನೂ ಹಾಗೆಯೇ ಬೆಳೆದದ್ದು" ಎಂದು ಅಜ್ಜಿ ತಮ್ಮ ಗಟ್ಟಿ ತೋಳು ತೋರಿಸಿದರು. ನಮ್ಮಲ್ಲಾದರೆ ಬಾಣಂತಿಯ ಕೋಣೆಗೆ ಕೆಂಡ ಇಟ್ಟು, ಕಿಟಕಿಗೆ ಚಿಂದಿ ತುರುಕಿ, ಕೂಸಿನ ತಲೆಗೆ ಕುಲಾವಿ ಕಟ್ಟುತ್ತೇವೆ.

ಮೂರ್ಖರಲ್ಲಿ ಎರಡು ಬಗೆ. ಹೊಸದೇನನ್ನೂ ಕಲಿಯದವರು ಒಂದು ಬಗೆ. ಕಲಿತದ್ದನ್ನು ಕೂಡಲೇ ಬೇರೆ ಕಡೆ ಅನ್ವಯಿಸುವವರು ಇನ್ನೊಂದು. ನಾನು ಎರಡನೆಯ ಬಗೆಗೆ ಸೇರಿದವನು.

ಪಾಂಡವಪುರದ ಬೇಸಿಗೆಯಲ್ಲಿ ನಮ್ಮ ದ್ರವಕ್ಕೆ ಶತ್ರು ಎಂದರೆ ಸೆಕೆ. ಗಂಜಿ ಹಳಸಿಬಿಡುತ್ತಿತ್ತು. ಅದಕ್ಕೆ ಸೀಸೆಯನ್ನು ಒದ್ದೆ ಮರಳಿನ ಮಡಕೆಯಲ್ಲಿ ಇಟ್ಟು, ರಾತ್ರಿ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಗಾಳಿಗೆ ಇಡುತ್ತಿದ್ದೆವು. ಇಲ್ಲಿ ಅಜ್ಜಿಯ ಮನೆಯ ಕೋಣೆಯೋ ಹೀಟರಿನಿಂದ ಮಾರ್ಚ್ ತಿಂಗಳ ಮಂಡ್ಯದ ಹಾಗಿತ್ತು. ಪರೀಕ್ಷೆಗೆ ಇನ್ನೆರಡು ದಿನವಿತ್ತು. ಸೀಸೆ ಹಳಸಿದರೆ ಏನು ಗತಿ ಎಂಬ ಚಿಂತೆ ನನ್ನನ್ನು ಆಗಲೇ ಕೊರೆಯುತ್ತಿತ್ತು. ಅಜ್ಜಿಯ ತೋಳು ನೋಡಿದ ಮೇಲೆ ದಾರಿ ಹೊಳೆಯಿತು. ಹೆತ್ತ ಕೂಸನ್ನೇ ಆಚೆ ಮಲಗಿಸುವಾಗ ಸೀಸೆಗೇನು ದಾಡಿ? ಮಲಗುವ ಮುಂಚೆ ಕಿಟಕಿ ತೆರೆದು ಅದನ್ನು ಹೊರಗಿನ ಕಟ್ಟೆಯ ಮೇಲಿಟ್ಟೆ.

ಬೆಳಿಗ್ಗೆ ಅದು ಕಲ್ಲಾಗಿತ್ತು.

ನೀರು ಹೆಪ್ಪುಗಟ್ಟುತ್ತದೆ ಎಂದು ಕೆಮಿಸ್ಟ್ರಿ ಮೇಷ್ಟ್ರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನಮ್ಮ ಸೀಮೆಯಲ್ಲಿ ರಾತ್ರಿ ಹೊರಗಿಟ್ಟ ಯಾವುದೂ ಹೆಪ್ಪುಗಟ್ಟಿದ್ದನ್ನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಪುಸ್ತಕದಲ್ಲಿ ಓದಿದ್ದು ತಲೆಯಲ್ಲಿತ್ತು, ಕೈಗೆ ಇಳಿದಿರಲಿಲ್ಲ. ಸೀಸೆಯನ್ನು ಹೀಟರಿನ ಪಕ್ಕ ಹಿಡಿದು ಕರಗಿಸಿದೆ. ಕರಗಿದ ಮೇಲೆ ಮೇಲಿನ ಅರ್ಧ ತಿಳಿ ನೀರು, ತಳದಲ್ಲಿ ಕೆಸರು. ಅಲ್ಲಾಡಿಸಿದೆ, ಮತ್ತೆ ಕೂತುಕೊಂಡಿತು. ನೀರು ಮಂಜುಗಡ್ಡೆಯಾಗುತ್ತಾ ಕಣಗಳನ್ನೆಲ್ಲ ಒಂದು ಮೂಲೆಗೆ ಒತ್ತಿ, ಗಂಜಿಯ ಹೊದಿಕೆಗಳು ಒಂದಕ್ಕೊಂದು ಮೆತ್ತಿಕೊಂಡು ಬಿಟ್ಟಿದ್ದವು. ಯಾವುದಕ್ಕೂ ಇರಲೆಂದು ಆಯಸ್ಕಾಂತ ಹಿಡಿದೆ. ಕೆಸರು ಛಂಗನೆ ನೆಗೆದು ಗಾಜಿಗೆ ಅಂಟಿಕೊಂಡಿತು. ಬೊಂಬಾಯಿಯ ಆ ಅಧಿಕಾರಿ ಈಗ ಇದ್ದಿದ್ದರೆ ಎಷ್ಟು ಸಂತೋಷಪಡುತ್ತಿದ್ದನೋ.

ನನಗೆ ಅಳು ಬಂತು. ತಮಾಷೆಗೆ ಹೇಳುತ್ತಿಲ್ಲ, ಹಾಸಿಗೆಯ ಮೇಲೆ ಕೂತು ಅತ್ತೆ.

ಫೋನು

ತಿಳಿಸದೆ ಇರುವಂತಿರಲಿಲ್ಲ. ಅಜ್ಜಿಯ ಫೋನಿನಿಂದ ಕಿರಂಗೂರಿನ ಎಸ್‌.ಟಿ.ಡಿ. ಬೂತಿಗೆ ಮಾಡಿದೆ. ಅಲ್ಲಿ ಆಗಲೇ ಮಧ್ಯಾಹ್ನ. ಬೂತಿನವನು ಎತ್ತಿದ.

"ಮೇಷ್ಟ್ರಾ! ಎಲ್ಲಿಂದ ಸಾ?"

"ನಾರ್ವೆಯಿಂದ ಕಣಪ್ಪ. ನಿಂಗಮ್ಮನ ಮಗಳು ಮಂಜುಳನ್ನ ಸ್ವಲ್ಪ ಕರೆಸು."

"ಅಷ್ಟ್ ದೂರ್ದಿಂದ ಎಂಗ್ ಗಣಗಣ ಅಂತಾ ಕೇಳ್ತದೆ ನೋಡಿ! ಪಾಂಡವಪುರದಿಂದ ಮಾಡುದ್ರೆ ಒಂದಕ್ಸರ ಕೇಳಾಕಿಲ್ಲ. ಇರಿ ಸಾ, ಇಲ್ಲೇ ಅವ್ರೆ, ರೇಷನ್ ಕ್ಯೂನಲ್ಲಿ."

ಮಂಜುಳಾ ಓಡಿಬಂದು ಏದುಸಿರು ಬಿಡುತ್ತಾ, "ಟೆಸ್ಟ್ ಆಯ್ತಾ ಸಾ?" ಎಂದಳು.

"ಇಲ್ಲ ಕಣಮ್ಮ. ಸೀಸೆ ಹೆಪ್ಪುಗಟ್ಟಿ ಹಾಳಾಯ್ತು."

"ಎಂಗೆ ಸಾ? ಫ್ರಿಜ್ಜಲ್ಲಿ ಇಟ್ರಾ?"

"ಕಿಟಕಿ ಆಚೆ ಇಟ್ಟಿದ್ದೆ."

ಮೆಲ್ಲಗೆ, "ಯಾಕ್ ಸಾ?" ಎಂದಳು.

ಇಲ್ಲಿ ಕೂಸುಗಳನ್ನೂ ಆಚೆ ಮಲಗಿಸುತ್ತಾರೆ ಎಂದೆ.

"ಕೂಸಿಗೆ ರಗ್ಗು ಒದ್ದಿಸಿರ್ತಾರಲ್ಲ ಸಾ."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. ಹಿಂದಿನಿಂದ ನಿಂಗಮ್ಮನ ಮಾತು ಕೇಳುತ್ತಿತ್ತು. "ಏನಂತೆ? ಒಡೆದೋಯ್ತಂತಾ? ಇನ್ನೊಂದ್ ಐತಲ್ಲ, ಅದ್ನ ಕೊಡಾಕೆ ಯೋಳು." ಆ ಇನ್ನೊಂದು ಸೂಟ್‌ಕೇಸಿನಲ್ಲಿದೆ, ಸೂಟ್‌ಕೇಸು ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ ಎಂದು ಒಪ್ಪಿಕೊಂಡೆ.

"ಕೆ.ಆರ್. ಪ್ಯಾಟೆಯೋರು ಮುಂದ್ಲ್ ಭಾನ್ವಾರ ಬತ್ತೀವಿ ಅಂದವ್ರೆ ಸಾ" ಎಂದಳು ಮಂಜುಳಾ. ಮತ್ತೆ ತಡೆದು, "ಕೆಟ್ಟಿರಾದ್ನ ಚೆಲ್ಬ್ಯಾಡಿ ಸಾ. ತಕ್ಕಬನ್ನಿ, ನಾನ್ ನೋಡ್ಬೇಕು" ಎಂದಳು. ಅಷ್ಟರಲ್ಲಿ ಲೈನು ಕಟ್ಟಾಯಿತು.

ಪರೀಕ್ಷೆಯ ದಿನ

ಆ ದಿನ ಬೆಳಿಗ್ಗೆ ಕೆಟ್ಟ ಸೀಸೆಯನ್ನೇ ಜೇಬಿಗೆ ಹಾಕಿಕೊಂಡು, ಹಿಲ್ಡಾ ಅವರಿಗೆ ಹೇಗೆ ಹೇಳಲಿ ಎಂದು ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸುತ್ತಾ ಬಾಗಿಲು ತೆರೆದೆ. ಹೊಸಿಲಿನ ಆಚೆ, ಹಿಮದ ಮೇಲೆ, ನನ್ನ ಸೂಟ್‌ಕೇಸು ನಿಂತಿತ್ತು.

ಅದರ ಕೊರಳಿನ ಚೀಟಿ ನೋಡಿದರೆ ಅದು ಸ್ಪೇನ್ ದೇಶಕ್ಕೆ ಹೋಗಿ ಬಿಸಿಲು ಕಾಯಿಸಿಕೊಂಡು ಬಂದಿತ್ತು. ನನಗಿಂತ ಹೆಚ್ಚು ದೇಶ ನೋಡಿದ ಸೂಟ್‌ಕೇಸು ಅದು. ತಂದವನು ಅಲ್ಲಿಯ ಮರ್ಯಾದೆಯಂತೆ ಯಾರನ್ನೂ ಎಬ್ಬಿಸದೆ ಹೊಸಿಲಲ್ಲಿಟ್ಟು ಹೋಗಿದ್ದ. ಯಾವಾಗ ಇಟ್ಟನೋ! ಮೇಲೆ ಒಂದು ಬೆರಳು ಹಿಮ ಕೂತಿತ್ತು. ಮೊಣಕಾಲೂರಿ ಅಲ್ಲೇ ತೆರೆದೆ. ಚಟ್ನಿಪುಡಿಯ ಡಬ್ಬಿ ಮುಟ್ಟಿದರೆ ಕೈ ಸುಡುವಷ್ಟು ತಣ್ಣಗಿತ್ತು. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿತ್ತು. ರಾಗಿ ಹಿಟ್ಟಿನ ಚೀಲದ ಗಂಟು ಬಿಚ್ಚಲು ಬೆರಳು ಬರಲಿಲ್ಲ, ಹಲ್ಲಿನಲ್ಲಿ ಕಚ್ಚಿ ಬಿಚ್ಚಿದೆ. ಮೊಣಕೈವರೆಗೆ ಕೈ ಹಾಕಿ ಹಿಟ್ಟಿನ ನಡುವಿನಿಂದ ಸೀಸೆ ಎಳೆದೆ.

ತಣ್ಣಗಿತ್ತು. ಆದರೆ ವಾಲಿಸಿದರೆ ಒಳಗಿನ ಕಪ್ಪು ನಿಧಾನವಾಗಿ ವಾಲಿತು. ರಾಗಿ ಹಿಟ್ಟಿನ ರಗ್ಗು ಹೊದ್ದು ಮಲಗಿತ್ತು ಅದು. ಆಯಸ್ಕಾಂತ ಹಿಡಿದೆ. ಒಳಗಿನದು ಮಿಸುಕಲಿಲ್ಲ. ಮಿಸುಕದ ಆ ಕಪ್ಪನ್ನು ನೋಡಿ ಆದ ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಈ ಮಾತನ್ನು ಹೆಂಡತಿ ಓದಲಿಕ್ಕಿಲ್ಲ.

ಲ್ಯಾಬಿಗೆ ಓಡಿದೆ. ತಲೆಯಿಂದ ಕಾಲಿನವರೆಗೆ ರಾಗಿ ಹಿಟ್ಟು ಮೆತ್ತಿಕೊಂಡು, ಸತ್ತವರ ಕೋಟು ತೊಟ್ಟು, ಎರಡೂ ಕೈಯಲ್ಲಿ ಒಂದೊಂದು ಸೀಸೆ ಹಿಡಿದು ಬಂದವನನ್ನು ಹಿಲ್ಡಾ ಒಂದು ಕ್ಷಣ ನೋಡಿದರು. ಅವರೂ ಏನೂ ಕೇಳಲಿಲ್ಲ. ಬೇಕಾದರೆ ಈ ದ್ರವವನ್ನು ನಾನೇ ಕುಡಿದು ಯಂತ್ರದೊಳಗೆ ಮಲಗುತ್ತೇನೆ ಎಂದು ವೀರಾವೇಶದಿಂದ ಹೇಳಿದೆ. "ಬೇಡ, ನೀರಿನ ತೊಟ್ಟಿ ಸಾಕು" ಎಂದರು. ಯಾವುದನ್ನೂ ಪರೀಕ್ಷೆ ಮಾಡದೆ ಮನುಷ್ಯರಿಗೆ ಕುಡಿಸುವ ಪದ್ಧತಿ ಅಲ್ಲಿಲ್ಲ. ಸಣ್ಣ ಕೊಳವೆಗಳಿಗೆ ಬೇರೆಬೇರೆ ದ್ರವ ತುಂಬಿ, ನೀರಿನ ತೊಟ್ಟಿಯಲ್ಲಿ ನಿಲ್ಲಿಸಿ, ತೊಟ್ಟಿಯನ್ನೇ ರೋಗಿಯ ಹಾಗೆ ಗುಹೆಯೊಳಗೆ ತಳ್ಳಿದರು. ಕೆಟ್ಟದ್ದನ್ನು ಹಾಕುವುದು ಬೇಡವೆಂದು ನಾನು ಹಿಂದೆ ಬಚ್ಚಿಡುತ್ತಿದ್ದೆ, ಅವರು ಕೈಚಾಚಿ ಅದನ್ನೂ ಇಸಿದುಕೊಂಡರು.

ಯಂತ್ರ ದಬದಬ ಎಂದು ಬಡಿಯಿತು, ಹಬ್ಬದ ದಿನ ಹಿತ್ತಾಳೆ ಪಾತ್ರೆ ತೊಳೆಯುವಂಥ ಸದ್ದು. ತೆರೆಯ ಮೇಲೆ ಚಿತ್ರ ಮೂಡಿತು. ನಿಂಗಮ್ಮನ ಸೀಸೆಯ ಕೊಳವೆ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾದ ಕಪ್ಪು, ಅಂಚು ಗೀಟು ಎಳೆದ ಹಾಗೆ. ಹಿಲ್ಡಾ ಅವರ ಲ್ಯಾಬಿನದೇ ದ್ರವದ ಪಕ್ಕದಲ್ಲಿ ನಿಂತರೂ ಯಾವುದು ಯಾವುದೆಂದು ಗೊತ್ತಾಗುತ್ತಿರಲಿಲ್ಲ. ನಾನು ಕಾಪಾಡಿದ ಸೀಸೆಯ ಕೊಳವೆ ಮಾತ್ರ ಮೇಲೆ ಬೆಳ್ಳಗೆ, ಕೆಳಗೆ ಕಪ್ಪು ಗಡ್ಡೆ. ಆ ಗಡ್ಡೆ ತನ್ನ ಕೊಳವೆಯ ಗಡಿ ದಾಟಿ ಅಕ್ಕಪಕ್ಕದ ಚಿತ್ರವನ್ನೂ ನುಂಗಿಹಾಕಿತ್ತು.

"ಇದಕ್ಕೆ ಏನು ಮಾಡಿದಿರಿ?" ಎಂದರು ಹಿಲ್ಡಾ. ಆ ದೇಶದಲ್ಲಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಕೂಸಿನಿಂದ ಶುರು ಮಾಡಿ ಕಿಟಕಿಯವರೆಗೆ ಎಲ್ಲ ಹೇಳಿದೆ. ಅವರು ಕುರ್ಚಿ ಹಿಡಿದುಕೊಂಡು ನಕ್ಕರು. ಯಂತ್ರ ನಡೆಸುವವನಿಗೆ ಅವರ ಭಾಷೆಯಲ್ಲಿ ಹೇಳಿದರು, ಅವನೂ ನಕ್ಕ. ನಗು ನಿಂತ ಮೇಲೆ ಮತ್ತೆ ಆ ಗಡ್ಡೆಯನ್ನೇ ನೋಡುತ್ತಾ ಕೂತರು. ಚಳಿಗಾಲದಲ್ಲಿ ಲಾರಿಯಲ್ಲಿ ಸಾಗಿಸುವಾಗ ತಮ್ಮ ದ್ರವವೂ ಹೀಗೆಯೇ ಕೆಡುವುದುಂಟು, ಕೆಟ್ಟದ್ದನ್ನು ಚೆಲ್ಲುತ್ತೇವೆಯೇ ಹೊರತು ಯಾಕೆ ಕೆಟ್ಟಿತೆಂದು ಯಾರೂ ಕೂತು ನೋಡಿಲ್ಲ ಎಂದರು. "ಚೆನ್ನಾಗಿ ಮಾಡುವವರು ನಮ್ಮಲ್ಲೂ ಇದ್ದಾರೆ. ಆ ಹುಡುಗಿ ಬಂದು ಇದು ಯಾಕೆ ಕೆಡುತ್ತದೆ, ಕೆಡದ ಹೊದಿಕೆ ಯಾವುದು ಎಂದು ಕಂಡುಹಿಡಿಯುತ್ತಾಳೆಯೇ?"

ಕೆಟ್ಟದ್ದನ್ನು ಚೆಲ್ಲಬೇಡಿ ಎಂದು ಅವಳು ಆಗಲೇ ಹೇಳಿದ್ದಾಳೆ ಎಂದೆ.

"ಹಾಗಾದರೆ ಸೀಟು ಅವಳದು" ಎಂದರು ಹಿಲ್ಡಾ.

ಕಿರಂಗೂರು

ಶನಿವಾರ ಊರು ಮುಟ್ಟಿದವನು ಮನೆಗೆ ಹೋಗಿ ಸ್ನಾನ ಮಾಡಿ ನೇರ ಕಿರಂಗೂರಿಗೆ ಬಂದೆ. ಮಾರನೆಯ ದಿನವೇ ಭಾನುವಾರ. ಜಗಲಿಯ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದೆ. ನನ್ನ ಮೂರ್ಖತನವನ್ನು ಚೆನ್ನಾಗಿ ಬಣ್ಣಿಸಿದೆ, ಅದಕ್ಕಿಂತ ಹೆಚ್ಚಾಗಿ ನಿಂಗಮ್ಮನ ಬುದ್ಧಿಯನ್ನು ಹೊಗಳಿದೆ. ನೀವು ಒಂಟಿ ಕಳಿಸಬಾರದು ಎಂದಿರಿ, ಅದಕ್ಕೇ ಕೆಲಸ ಉಳಿಯಿತು. ಕೆಟ್ಟದ್ದೂ ಒಳ್ಳೆಯದೂ ಎರಡೂ ಇದ್ದದ್ದಕ್ಕೇ ಸೀಟು ಸಿಕ್ಕಿತು. ಜೋಡಿ ಎಂದರೆ ಜೋಡಿ ಎಂದು ಮೂರು ನಾಲ್ಕು ಸಲ ಹೇಳಿದೆ. ಮಂಜುಳಾ ಕಂಬಕ್ಕೆ ಒರಗಿ ಕೇಳುತ್ತಿದ್ದಳು, ಅವಳ ಮುಖ ಅರಳಿತ್ತು.

ನಿಂಗಮ್ಮ ಎಲ್ಲವನ್ನೂ ಕೇಳಿ, ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ಅಲ್ಲ ಮೇಷ್ಟ್ರೆ, ಸೀಸೇನೆ ಒಂಟಿ ಕಳ್ಸ್ನಿಲ್ಲ ನಾವು. ಎತ್ತ ಮಗೀನ ಒಂಟಿ ಕಳ್ಸಾದಾ?"

ಹೊರಡುವ ಮುಂಚೆಯಾಗಿದ್ದರೆ ವಿಜ್ಞಾನದಲ್ಲಿ ಒಂಟಿ ಜೋಡಿ ಎಂದೇನೂ ಇಲ್ಲ ಎನ್ನಬಹುದಿತ್ತು. ಈಗ ಅರ್ಧ ಗಂಟೆ ಅದರ ವಿರುದ್ಧವೇ ಭಾಷಣ ಮಾಡಿ ಕೂತಿದ್ದೆ. ಆ ಹಿಮದಲ್ಲಿ, ಯಾರೂ ಯಾರನ್ನೂ ಏನೂ ಕೇಳದ ಆ ಊರಿನಲ್ಲಿ ಈ ಹುಡುಗಿ ಒಬ್ಬಳೇ ಹೇಗಿದ್ದಾಳು ಎಂದು ನನಗೂ ಆ ಕ್ಷಣದಲ್ಲಿ ಭಯವಾಯಿತು. ನಾಳೆ ಬರುವ ಕೆ.ಆರ್. ಪೇಟೆಯವರ ಟ್ರಾಕ್ಟರಿನ ಸದ್ದು ಆಗಲೇ ಕಿವಿಗೆ ಬಿದ್ದ ಹಾಗಾಯಿತು.

ಮಂಜುಳಾ ಕಂಬ ಬಿಟ್ಟು ಬಂದಳು. ನನ್ನ ಕೈಚೀಲದಿಂದ ಕೆಟ್ಟ ಸೀಸೆಯನ್ನು ಎತ್ತಿಕೊಂಡಳು. ಬೆಳಕಿಗೆ ಹಿಡಿದು ಅಲ್ಲಾಡಿಸಿದಳು, ಕೆಸರು ಕೂರುವುದನ್ನು ತಾಳ್ಮೆಯಿಂದ ನೋಡಿದಳು. ಆಮೇಲೆ ತಾಯಿಯ ಪಕ್ಕದಲ್ಲಿ ಕೂತು ಅದನ್ನು ಮಡಿಲಲ್ಲಿಟ್ಟುಕೊಂಡಳು.

"ನಾನ್ ಒಂಟಿ ಓಗಾಕಿಲ್ಲ ಕಣವ್ವ. ಇದೂ ಬತ್ತದೆ ಜೊತೇಲಿ."

ನಿಂಗಮ್ಮ ಸೀಸೆಯನ್ನು ನೋಡಿದರು, ಮಗಳ ಮುಖವನ್ನು ನೋಡಿದರು. ಅವರ ಕಣ್ಣು ತುಂಬಿತ್ತು.

"ಇದ್ನ ಕೆಡಿಸ್ದೋರು ಮೇಷ್ಟ್ರು ತಾನೆ?"

"ಊಂ."

"ಅಂಗಾರೆ ಈ ಸಲ ಅವ್ರ ಕೈಗೆ ಕೊಡ್ಬ್ಯಾಡ, ನೀನೇ ಇಟ್ಕೊ" ಎಂದು ಎದ್ದರು. ಕೆ.ಆರ್. ಪೇಟೆಯವರಿಗೆ ನಾಳೆ ಬರಬೇಡಿ ಎಂದು ಫೋನು ಮಾಡಿಸಲು ಬೂತಿನ ಕಡೆ ಹೊರಟವರು, ಅಂಗಳದಲ್ಲಿ ನಿಂತು ತಿರುಗಿ ಕೂಗಿದರು.

"ಆ ಮೊರ ತೆಗ್ದು ರಾಗಿ ಕೇರ್ತಾ ಇರು. ಬೀಸ್ಕೊಂಡ್ ಬರ್ಬೇಕು."